ಗಂಡು ಕೊತ್ತಿಯೋ ಹೆಣ್ಣು ಕೊತ್ತಿಯೋ ಅನ್ನುವ ಮುಂಚೆ ಕೇಳಬೇಕಾದ ಪ್ರಶ್ನೆ

ಶಿಡ್ಲಘಟ್ಟದ ಸುತ್ತಮುತ್ತ ಯಾರ ಮನೆಯಲ್ಲಾದರೂ ಕೊತ್ತಿ ಮರಿ ಹಾಕಿದೆ ಅಂತ ಗೊತ್ತಾದರೆ ಸಾಕು, ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಒಬ್ಬರಿಗೆ ರೇಷ್ಮೆ ಹುಳು ಮನೆಯಲ್ಲಿ ಇಲಿ ಕಾಟ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ರಾತ್ರಿಯೇ ಇಲಿ ಬಂದು ತಿಂದು ಹೋಗಿರುತ್ತದೆ. ಇನ್ನೊಬ್ಬರ ಮನೆಯಲ್ಲಿ ರಾಗಿ ಮೂಟೆಗೆ ತೂತು. "ಗಂಡು ಮರಿ ಇದ್ರೆ ಕೊಡಿ ಅಕ್ಕ, ಹೆಣ್ಣು ಬೇಡ. ವರ್ಷಕ್ಕೆ ಮೂರು ಸಲ ಮರಿ ಹಾಕುತ್ತೆ, ಅವನ್ನೆಲ್ಲ ಎಲ್ಲಿ ಬಿಡೋದು?" ಅನ್ನುತ್ತಾರೆ. ಅದೇ ಬೀದಿಯಲ್ಲಿ ಗಂಡು ಸಾಕಿ ಬೇಸತ್ತವರೂ ಸಿಗುತ್ತಾರೆ. "ಗಂಡು ಮನೇಲಿ ನಿಲ್ಲಲ್ಲ. ನಾಲ್ಕು ದಿನ ನಾಪತ್ತೆ, ಐದನೇ ದಿನ ಕಿವಿ ಹರ್ಕೊಂಡು ಬರುತ್ತೆ. ಬಂದಿದ್ದೇ ಬಾಗಿಲಿಗೆ ಉಚ್ಚೆ ಹೊಡೆಯುತ್ತೆ."

ಎರಡೂ ಮಾತು ನಿಜ. ಆದರೆ ಇಬ್ಬರೂ ಹೇಳುತ್ತಿರುವುದು ಮರಿಯಾಗದಂತೆ ಮಾಡಿಸುವ ಆಪರೇಷನ್ ಆಗದ ಬೆಕ್ಕಿನ ಕಥೆ. ಗಂಡಿನ ಗುಣ, ಹೆಣ್ಣಿನ ಗುಣ ಅಂತ ನಾವು ಕರೆಯುವುದರಲ್ಲಿ ಬಹುಪಾಲು ಹಾರ್ಮೋನಿನ ಕೆಲಸ. ಹಾರ್ಮೋನ್ ನಿಂತರೆ ಆ ಗುಣವೂ ನಿಲ್ಲುತ್ತದೆ. ಆಮೇಲೂ ಉಳಿಯುವ ವ್ಯತ್ಯಾಸಗಳು ಕೆಲವೇ. ಆದರೆ ಅವುಗಳಲ್ಲಿ ಒಂದು ಮಾತ್ರ ಬೆಕ್ಕಿನ ಪ್ರಾಣಕ್ಕೇ ಸಂಬಂಧಪಟ್ಟದ್ದು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಗುರುತು ಹಿಡಿಯುವ ವಿಷಯ. ಮರಿಗಳಲ್ಲಿ ಗಂಡು ಹೆಣ್ಣು ತಪ್ಪಾಗುವುದು ಬಹಳ ಸಾಮಾನ್ಯ. ನಾಯಿಮರಿಯ ಹಾಗೆ ಹೊಟ್ಟೆ ನೋಡಿದರೆ ಗೊತ್ತಾಗುವುದಿಲ್ಲ. ಮೊಲೆತೊಟ್ಟು ಇದೆ, ಹಾಗಾದರೆ ಹೆಣ್ಣು ಅನ್ನುವವರಿದ್ದಾರೆ. ತೊಟ್ಟು ಗಂಡಿಗೂ ಇರುತ್ತದೆ. ಬಾಲ ಎತ್ತಿ ನೋಡಬೇಕು. ಗಂಡು ಮರಿಯಲ್ಲಿ ಒಂದರ ಕೆಳಗೊಂದು ಎರಡು ಚುಕ್ಕಿ, ನಡುವೆ ಬೆರಳಿನ ಅಗಲದಷ್ಟು ಜಾಗ, ಥೇಟ್ ನಮ್ಮ ವಿಸರ್ಗದ ಹಾಗೆ. ಮುಂದೆ ಬೀಜ ಉಬ್ಬಿ ಕಾಣುವುದು ಆ ನಡುವಿನ ಜಾಗದಲ್ಲೇ. ಹೆಣ್ಣಿನಲ್ಲಿ ಮೇಲೊಂದು ಚುಕ್ಕಿ, ಅದಕ್ಕೆ ಅಂಟಿಕೊಂಡಂತೆ ಕೆಳಗೆ ಒಂದು ಸಣ್ಣ ಉದ್ದ ಗೀಟು. ಹುಟ್ಟಿದ ವಾರದಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಆರೆಂಟು ವಾರ ಕಳೆದ ಮೇಲೆ ಎರಡು ಮೂರು ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ತಾನಾಗಿ ಕಾಣುತ್ತದೆ.

ಬಾಲ ಎತ್ತದೆಯೇ ಹೇಳಬಹುದಾದ ಬೆಕ್ಕೂ ಒಂದಿದೆ. ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣ ತೇಪೆ ತೇಪೆಯಾಗಿದ್ದರೆ ಅದು ಹೆಣ್ಣು ಅಂತ ಧೈರ್ಯವಾಗಿ ಹೇಳಿ. ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಗಂಡಿಗೆ ಎಕ್ಸ್ ಒಂದೇ. ಅದರಲ್ಲಿ ಕೇಸರಿ ಇದ್ದರೆ ಬಣ್ಣವಿರುವ ಜಾಗವೆಲ್ಲ ಕೇಸರಿ, ಇಲ್ಲದಿದ್ದರೆ ಎಲ್ಲೂ ಇಲ್ಲ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೇಸರಿಯದು, ಇನ್ನೊಂದು ಕಪ್ಪಿನದು ಆಗಿದ್ದರೆ? ತಾಯಿಯ ಹೊಟ್ಟೆಯಲ್ಲಿ ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಪ್ರತಿಯೊಂದು ಜೀವಕೋಶವೂ ಎರಡು ಎಕ್ಸ್‌ಗಳಲ್ಲಿ ಒಂದನ್ನು ಸುಮ್ಮನಾಗಿಸಿಬಿಡುತ್ತದೆ. ಯಾವ ಕೋಶ ಯಾವುದನ್ನು ಸುಮ್ಮನಾಗಿಸುತ್ತದೆ ಅನ್ನುವುದಕ್ಕೆ ಲೆಕ್ಕ ಪತ್ರ ಇಲ್ಲ. ಹಾಗಾಗಿ ಒಂದು ಕಡೆ ಕೇಸರಿ ತೇಪೆ, ಒಂದು ಕಡೆ ಕಪ್ಪು. ಬಿಳಿ ಬರುವುದು ಬೇರೆಯೇ ಜೀನಿನಿಂದ. ಎಕ್ಸ್ ಹೀಗೆ ಸುಮ್ಮನಾಗುವುದನ್ನು 1961ರಲ್ಲಿ ವಿವರಿಸಿದವರು ಬ್ರಿಟನ್ನಿನ ವಿಜ್ಞಾನಿ ಮೇರಿ ಲಿಯಾನ್. ಮೂರು ಬಣ್ಣದ ಗಂಡು ಇಲ್ಲವೇ ಇಲ್ಲ ಅಂತೇನಲ್ಲ. ಸುಮಾರು 3,000ಕ್ಕೆ ಒಂದು ಹುಟ್ಟುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿಗೆ ಬಂದಿರುತ್ತದೆ, ಮರಿ ಹುಟ್ಟಿಸುವ ಶಕ್ತಿ ಇರುವುದಿಲ್ಲ.

ಪೂರ್ತಿ ಕೇಸರಿ ಬೆಕ್ಕುಗಳಲ್ಲಿ ಗಂಡೇ ಜಾಸ್ತಿ ಇರುವುದಕ್ಕೂ ಇದೇ ಕಾರಣ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಊರಿನ ಬೆಕ್ಕುಗಳ ನೂರು ಎಕ್ಸ್‌ಗಳಲ್ಲಿ 20 ಕೇಸರಿ ಅಂತಿಟ್ಟುಕೊಳ್ಳಿ. ಗಂಡಿಗೆ ಒಂದು ಸಿಕ್ಕರೆ ಸಾಕು, ಅಂದರೆ ನೂರು ಗಂಡಿನಲ್ಲಿ 20 ಕೇಸರಿ. ಹೆಣ್ಣಿಗೆ ಎರಡೂ ಕಡೆಯಿಂದ ಸಿಗಬೇಕು, ಅಂದರೆ ನೂರರಲ್ಲಿ ಬರೀ ನಾಲ್ಕು. ಕೇಸರಿ ಬೆಕ್ಕು ಅಂದರೆ ತುಂಟ, ಧೈರ್ಯವಂತ, ಜನಕ್ಕೆ ಹೊಂದಿಕೊಳ್ಳುವಂಥದ್ದು ಅನ್ನುವ ಹೆಸರು ಬಂದಿರುವುದರಲ್ಲಿ ಬಣ್ಣದ್ದೆಷ್ಟು, ಗಂಡು ಅನ್ನುವುದರದ್ದೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಆ ಬಣ್ಣದ ಮೂಲ ಸಿಕ್ಕಿದ್ದು ಮಾತ್ರ ತೀರಾ ಇತ್ತೀಚೆಗೆ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಒಂದು ತಂಡ, ಅಮೆರಿಕದ ಸ್ಟ್ಯಾನ್‌ಫರ್ಡಿನ ಇನ್ನೊಂದು ತಂಡ ಬೇರೆ ಬೇರೆಯಾಗಿ ಹುಡುಕಿ 2025ರಲ್ಲಿ ಪ್ರಕಟಿಸಿದವು. ಎಕ್ಸ್ ಮೇಲಿನ ಡಿಎನ್‌ಎಯಲ್ಲಿ ಸುಮಾರು 5,000 ಅಕ್ಷರಗಳ ಒಂದು ತುಂಡು ಕಾಣೆಯಾಗಿರುವುದೇ ಕೇಸರಿಗೆ ಕಾರಣ.

ಬೆದೆಗೆ ಬಂದ ಹೆಣ್ಣು

ಹಸು ಸಾಕಿದವರಿಗೆ ಬೆದೆಯ ಲೆಕ್ಕ ಬಾಯಿಪಾಠ. 21 ದಿನಕ್ಕೊಮ್ಮೆ ಬೆದೆ, ಒಂದು ದಿನದ ಒಳಗೆ ಮುಗಿಯಿತು, ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಕೊತ್ತಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹಸುವಿಗೆ ಹೋರಿ ಸಿಗಲಿ ಬಿಡಲಿ, ಅಂಡಾಣು ತನ್ನ ಹೊತ್ತಿಗೆ ಬಿಡುಗಡೆಯಾಗುತ್ತದೆ. ಕೊತ್ತಿಯಲ್ಲಿ ಹಾಗಲ್ಲ. ಗಂಡು ಕೂಡಿದ ಮೇಲೆಯೇ ಮೆದುಳಿಗೆ ಸುದ್ದಿ ಹೋಗಿ, ಹಾರ್ಮೋನ್ ಉಕ್ಕಿ, ಒಂದೆರಡು ದಿನದಲ್ಲಿ ಅಂಡಾಣು ಹೊರಬರುತ್ತದೆ. ಗಂಡು ಸಿಗದಿದ್ದರೆ ಬೆದೆ ಸುಮಾರು ಒಂದು ವಾರ ಎಳೆಯುತ್ತದೆ, ನಿಲ್ಲುತ್ತದೆ, ಎರಡು ಮೂರು ವಾರದಲ್ಲಿ ಮತ್ತೆ ಬರುತ್ತದೆ. "ನಮ್ಮ ಕೊತ್ತಿ ತಿಂಗಳೆಲ್ಲ ಕೂಗುತ್ತಲೇ ಇರುತ್ತೆ" ಅನ್ನುವವರ ಮನೆಯಲ್ಲಿ ನಡೆಯುತ್ತಿರುವುದು ಇದೇ.

ಇದು ಹಗಲಿನ ಉದ್ದಕ್ಕೂ ಸಂಬಂಧಿಸಿದ್ದು. ಚಳಿ ದೇಶಗಳಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿದಾಗ ಬೆಕ್ಕುಗಳ ಬೆದೆ ನಿಂತುಹೋಗುತ್ತದೆ. ಚಿಕ್ಕಬಳ್ಳಾಪುರದ ಕಡೆ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಅದರ ಮೇಲೆ ಮನೆಯ ಟ್ಯೂಬ್‌ಲೈಟ್ ಬೇರೆ. ಹಾಗಾಗಿ ನಮ್ಮಲ್ಲಿ ಇಂಥದ್ದೇ ಕಾಲ ಅಂತ ಗೆರೆ ಎಳೆಯುವ ಹಾಗಿಲ್ಲ. ವರ್ಷಕ್ಕೆ ಮೂರು ಸೂಲು ಅನ್ನುವ ದೂರು ಉತ್ಪ್ರೇಕ್ಷೆಯಲ್ಲ.

ಮೊದಲ ಸಲ ಬೆದೆಗೆ ಬಂದ ಕೊತ್ತಿಯನ್ನು ನೋಡಿದವರು ಗಾಬರಿಯಾಗುವುದು ಸಹಜ. ಕಾಲಿಗೆ, ಕುರ್ಚಿ ಕಾಲಿಗೆ, ಗೋಡೆ ಮೂಲೆಗೆ ಕೆನ್ನೆ ಉಜ್ಜುತ್ತದೆ. ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಬೆನ್ನ ಮೇಲೆ ಕೈ ಇಟ್ಟರೆ ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗ ಎತ್ತಿ, ಬಾಲವನ್ನು ಒಂದು ಪಕ್ಕಕ್ಕೆ ಸರಿಸಿ, ಹಿಂಗಾಲಲ್ಲಿ ನಿಂತಲ್ಲೇ ತುಳಿಯುತ್ತದೆ. ಗಂಟಲಿನಿಂದ ಎಳೆದೆಳೆದು ಕೂಗುತ್ತದೆ. "ಯಾರೋ ಸೊಂಟಕ್ಕೆ ಹೊಡೆದಿದ್ದಾರೆ", "ಹೊಟ್ಟೆನೋವು, ಓಂಕಾಳು ಕೊಡೋಣ" ಅಂತೆಲ್ಲ ಮಾತು ಹೊರಡುತ್ತವೆ. ಏನೂ ಆಗಿರುವುದಿಲ್ಲ. ಹಸುವಿನಲ್ಲಿ ಕಾಣುವಂಥ ಲೋಳೆ, ನಾಯಿಯಲ್ಲಿ ಕಾಣುವಂಥ ರಕ್ತ ಬೆಕ್ಕಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ವರ್ತನೆಯೇ ಗುರುತು. ರಕ್ತವೋ ಕೀವೋ ಕಂಡರೆ ಅದು ಬೆದೆಯಲ್ಲ, ಗರ್ಭಕೋಶದ ಸೋಂಕು ಇರಬಹುದು, ಡಾಕ್ಟರ ಹತ್ತಿರ ಹೋಗಬೇಕು.

ವಯಸ್ಸಿನ ಬಗ್ಗೆಯೂ ಜನ ಮೋಸ ಹೋಗುತ್ತಾರೆ. ಇನ್ನೂ ಮರಿ ಅಲ್ವಾ ಅಂತ ಬಿಟ್ಟಿರುತ್ತೇವೆ. ಕೆಲವು ಹೆಣ್ಣುಮರಿಗಳು ನಾಲ್ಕೇ ತಿಂಗಳಿಗೆ ಬೆದೆಗೆ ಬರುತ್ತವೆ. ಗಂಡಿಗೆ ಅಣ್ಣ ತಂಗಿ ಅನ್ನುವ ಭೇದವಿಲ್ಲ. ಒಂದೇ ಸೂಲಿನ ಎರಡು ಮರಿಗಳನ್ನು ತಂದು ಜೊತೆಯಲ್ಲಿ ಸಾಕಿದವರ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮರಿಗಳ ಹಿಂಡೇ ಇರುತ್ತದೆ.

ಕೂಡುವಾಗ ಗಂಡು ಹೆಣ್ಣಿನ ಕತ್ತಿನ ಚರ್ಮ ಕಚ್ಚಿ ಹಿಡಿಯುತ್ತದೆ. ಮುಗಿಯುತ್ತಿದ್ದ ಹಾಗೆ ಹೆಣ್ಣು ಕಿಟಾರನೆ ಕಿರುಚಿ, ತಿರುಗಿ ಗಂಡಿನ ಮುಖಕ್ಕೆ ಪರಚುತ್ತದೆ. ನೋಡಿದವರು ಜಗಳ ಅಂದುಕೊಂಡು ನೀರು ಎರಚುತ್ತಾರೆ. ಗಂಡಿನ ಜನನಾಂಗದ ಮೇಲೆ ಹಿಮ್ಮುಖವಾಗಿ ಬಾಗಿದ ನೂರಕ್ಕೂ ಮೇಲ್ಪಟ್ಟು ಸಣ್ಣ ಮುಳ್ಳುಗಳಿರುತ್ತವೆ. ಅವು ಕೊಡುವ ಪ್ರಚೋದನೆಯೇ ಅಂಡಾಣು ಬಿಡುಗಡೆಗೆ ಕರೆ. ಈ ಮುಳ್ಳುಗಳೂ ಟೆಸ್ಟೋಸ್ಟೆರಾನ್ ಇರುವವರೆಗೆ ಮಾತ್ರ. ಬೀಜ ತೆಗೆಸಿದ ಕೆಲವು ವಾರಗಳಲ್ಲಿ ಉದುರಿ ನುಣುಪಾಗುತ್ತವೆ.

ಒಂದು ಸಲ ಕೂಡಿದರೆ ಸಾಕಾಗದೆಯೂ ಇರಬಹುದು, ಕೆಲವು ಗಂಟೆಗಳಲ್ಲಿ ಹಲವು ಸಲ ಕೂಡುತ್ತವೆ. ಕಾಂಪೌಂಡಿನ ಸುತ್ತ ನಾಲ್ಕು ಗಂಡು ಕಾದಿದ್ದರೆ ನಾಲ್ಕಕ್ಕೂ ಅವಕಾಶ ಸಿಗಬಹುದು. ಹಾಗಾಗಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದು ಅಪರೂಪವಲ್ಲ. ಒಂದು ಬೂದು, ಒಂದು ಕೇಸರಿ, ಒಂದು ಕಪ್ಪು ಬಿಳಿ ಮರಿ ಒಂದೇ ಬುಟ್ಟಿಯಲ್ಲಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು. ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಹಾಲು ಕೊಡುವಷ್ಟು ದಿನ ಭಯವಿಲ್ಲ ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಗಂಡಿನ ಓಡಾಟ

ಬೀಜ ಇರುವ ಗಂಡು ಕೊತ್ತಿಯನ್ನು ಮುಖ ನೋಡಿಯೇ ಹೇಳಬಹುದು. ಕೆನ್ನೆ ಎರಡೂ ಕಡೆ ಊದಿಕೊಂಡಂತೆ ಅಗಲ, ಕತ್ತು ದಪ್ಪ, ಅಲ್ಲಿಯ ಚರ್ಮ ಗಡುಸು. ಜಗಳದಲ್ಲಿ ಹಲ್ಲು ಆಳಕ್ಕೆ ಇಳಿಯದಂತೆ ಅದೇ ರಕ್ಷಣೆ. ಚಿಕ್ಕಂದಿನಲ್ಲೇ ಆಪರೇಷನ್ ಆದ ಗಂಡಿಗೆ ಈ ಕೆನ್ನೆ ಬರುವುದಿಲ್ಲ, ಮುಖ ಹೆಣ್ಣಿನಂತೆ ಸಣ್ಣಗೆ ಇರುತ್ತದೆ. ತೂಕದಲ್ಲಿ ಗಂಡು ಸಾಮಾನ್ಯವಾಗಿ ನಾಲ್ಕರಿಂದ ಐದು ಕಿಲೋ, ಹೆಣ್ಣು ಮೂರರಿಂದ ನಾಲ್ಕು.

ಹೆಣ್ಣು ಊಟ ಸಿಗುವ, ಮರಿ ಬಚ್ಚಿಡಬಹುದಾದ ಜಾಗದ ಸುತ್ತ ಇರುತ್ತದೆ. ಗಂಡು ಹೆಣ್ಣುಗಳು ಇರುವ ಜಾಗಗಳನ್ನೆಲ್ಲ ಸುತ್ತುತ್ತದೆ. ಆದ್ದರಿಂದ ಅದರ ವ್ಯಾಪ್ತಿ ಹೆಣ್ಣಿನದಕ್ಕಿಂತ ಹಲವು ಪಟ್ಟು ದೊಡ್ಡದು. ನಾಲ್ಕು ದಿನ ನಾಪತ್ತೆಯಾದ ಗಂಡು ಊಟದ ಮೇಲಿನ ಸಿಟ್ಟಿಗೋ ನಿಮ್ಮ ಮೇಲಿನ ಬೇಸರಕ್ಕೋ ಹೋಗಿರುವುದಿಲ್ಲ. ಎಲ್ಲೋ ಆಚೆ ಬೀದಿಯಲ್ಲಿ ಒಂದು ಹೆಣ್ಣು ಕೂಗಿರುತ್ತದೆ.

ಈಗ ಉಚ್ಚೆಯ ವಿಷಯ. ಎರಡು ಥರ ಇದೆ, ಬೇರೆ ಮಾಡಿ ನೋಡಬೇಕು. ಬೆಕ್ಕು ಕುಕ್ಕರಿಸಿ ಕೂತು ನೆಲದ ಮೇಲೆ ಜಾಸ್ತಿ ಹೊಯ್ದರೆ ಅದು ಮೂತ್ರ ವಿಸರ್ಜನೆ. ಕಂಡಲ್ಲಿ ಮಾಡುತ್ತಿದ್ದರೆ ಕಾಯಿಲೆಯೋ, ಮಣ್ಣಿನ ಟ್ರೇ ಹಿಡಿಸದೆಯೋ ಇರಬಹುದು. ಇನ್ನೊಂದು ಗುರುತು ಹಾಕುವುದು. ಗಂಡು ನಡೆದು ಬಂದು ಸ್ಕೂಟರ್ ಚಕ್ರವನ್ನು ಮೂಸುತ್ತದೆ. ಕೆಲವು ಸಲ ಬಾಯಿ ಅರ್ಧ ತೆರೆದು, ಮೇಲ್ದುಟಿ ಎತ್ತಿ, ಹಲ್ಲು ಕಿರಿದಂತೆ ಒಂದು ಕ್ಷಣ ನಿಲ್ಲುತ್ತದೆ. ಹಿಂದೆ ಬಂದು ಹೋದ ಬೆಕ್ಕಿನ ವಾಸನೆಯನ್ನು ಬಾಯಿಯ ಅಂಗುಳಿನಲ್ಲಿರುವ ಒಂದು ವಿಶೇಷ ಅಂಗಕ್ಕೆ ಎಳೆದುಕೊಳ್ಳುವ ರೀತಿ ಅದು. ಆಮೇಲೆ ತಿರುಗಿ ನಿಲ್ಲುತ್ತದೆ. ಬಾಲ ನೆಟ್ಟಗೆ, ತುದಿ ಗಡಗಡ ನಡುಗುತ್ತಿರುತ್ತದೆ, ಹಿಂಗಾಲು ಒಂದೆರಡು ಸಲ ಎತ್ತಿ ಇಡುತ್ತದೆ. ನಿಂತೇ ಹಿಂದಕ್ಕೆ ಚಿಮ್ಮಿಸುತ್ತದೆ, ಸ್ವಲ್ಪವೇ. ಏನೂ ಆಗಿಲ್ಲವೆಂಬಂತೆ ನಡೆದುಹೋಗುತ್ತದೆ. ಗೇಟಿನ ಕಂಬ, ಬಾಗಿಲ ಚೌಕಟ್ಟು, ಮೆಟ್ಟಿಲ ಪಕ್ಕದ ಗೋಡೆ ಎಲ್ಲ ಮೂಗಿನ ಎತ್ತರದಲ್ಲೇ ಒದ್ದೆಯಾಗಿರುತ್ತವೆ, ಮುಂದೆ ಬರುವ ಬೆಕ್ಕು ಓದಿಕೊಳ್ಳಲಿ ಅಂತ.

ಆ ವಾಸನೆ ಅಷ್ಟು ಘಾಟು ಯಾಕೆ? ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಅನ್ನುವ ಗಂಧಕವಿರುವ ಅಮೈನೋ ಆಮ್ಲ ಇದೆ. ಬೀಜ ಇರುವ ಗಂಡಿನಲ್ಲಿ ಅದರ ಪ್ರಮಾಣ ಹೆಣ್ಣಿಗಿಂತ ಬಹಳ ಜಾಸ್ತಿ. ಗಾಳಿಗೆ ಬಿದ್ದ ಮೇಲೆ ಅದು ಒಡೆದು ಗಂಧಕದ ವಾಸನೆ ಹುಟ್ಟುತ್ತದೆ. ಗಂಧಕ ಬರುವುದು ಮಾಂಸದಿಂದ. ಹಾಗಾಗಿ ಘಾಟು ಜಾಸ್ತಿ ಇದ್ದಷ್ಟೂ ಈ ಗಂಡು ಚೆನ್ನಾಗಿ ಬೇಟೆಯಾಡುತ್ತದೆ ಅಂತ ಹೆಣ್ಣಿಗೆ ತಿಳಿಯುತ್ತದೆ ಅನ್ನುವುದು ವಿಜ್ಞಾನಿಗಳ ಊಹೆ. ಒಳ್ಳೆಯ ಊಹೆ, ಆದರೆ ಅದರಿಂದ ಮನೆಯ ವಾಸನೆಯೇನೂ ಕಡಿಮೆಯಾಗುವುದಿಲ್ಲ ಬಿಡಿ. ವಾಸನೆ ಹೋಗಲಿ ಅಂತ ಫಿನಾಯಿಲ್ ಸುರಿಯುವವರೇ ಹೆಚ್ಚು. ದಯವಿಟ್ಟು ಬೇಡ. ಫಿನಾಲ್ ಜಾತಿಯ ರಾಸಾಯನಿಕವನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಬಹಳ ಕಡಿಮೆ. ಒದ್ದೆ ನೆಲ ತುಳಿದು, ಆ ಪಾದ ನೆಕ್ಕಿ, ವಿಷವೇರಿಸಿಕೊಂಡ ಬೆಕ್ಕುಗಳಿವೆ. ಬಟ್ಟೆ ಸೋಪಿನ ಪುಡಿ ಕಲಸಿದ ನೀರಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ.

ಹೆಣ್ಣು ಕೂಡ ಗುರುತು ಹಾಕುತ್ತದೆ, ಮುಖ್ಯವಾಗಿ ಬೆದೆಯಲ್ಲಿ. ಆಪರೇಷನ್ ಆದ ಮೇಲೂ ಗಂಡಿನಲ್ಲಿ ಸುಮಾರು ಹತ್ತಕ್ಕೆ ಒಂದು, ಹೆಣ್ಣಿನಲ್ಲಿ ಇಪ್ಪತ್ತಕ್ಕೆ ಒಂದು ಈ ಅಭ್ಯಾಸ ಉಳಿಸಿಕೊಳ್ಳುತ್ತದೆ. ಅಂಥ ಮನೆಯಲ್ಲಿ ಹುಡುಕಬೇಕಾದದ್ದು ಬೆಕ್ಕಿಗೆ ಏನು ದಿಗಿಲಾಗಿದೆ ಅನ್ನುವುದನ್ನು. ಹೊಸ ಬೆಕ್ಕು ಬಂದಿರಬಹುದು, ಮನೆ ಬದಲಾಗಿರಬಹುದು, ಕಿಟಕಿಯಾಚೆ ಬೀದಿ ಗಂಡು ದಿನಾ ಬಂದು ಕೂರುತ್ತಿರಬಹುದು.

ಗಂಡುಗಳ ಜಗಳದಲ್ಲಿ ಅಸಲಿ ಹೊಡೆದಾಟಕ್ಕಿಂತ ಬೆದರಿಕೆಯೇ ಹೆಚ್ಚು. ಮುಖಕ್ಕೆ ಮುಖ ಕೊಟ್ಟು, ಕೂದಲು ನಿಮಿರಿಸಿ, ಗಂಟಲಲ್ಲೇ ಏರಿಳಿಸುತ್ತಾ ನಿಂತಿರುತ್ತವೆ. ಯಾವುದೂ ಹಿಂದೆ ಸರಿಯದಿದ್ದರೆ ಹಲ್ಲು ಉಗುರು ಬರುತ್ತದೆ. ಬೆಕ್ಕಿನ ಕೋರೆಹಲ್ಲು ಸೂಜಿಯ ಥರದ್ದು. ಹೊರಗೆ ಸಣ್ಣ ತೂತು ಎರಡೇ ದಿನಕ್ಕೆ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಜಗಳವಾಡಿ ಬಂದ ಮೂರು ನಾಲ್ಕು ದಿನಕ್ಕೆ ಕೆನ್ನೆಯೋ ಬಾಲದ ಬುಡವೋ ಊದಿ, ಊಟ ಬಿಟ್ಟು ಮೂಲೆ ಸೇರಿದರೆ ಅರಿಶಿನ ಹಚ್ಚಿ ಕಾಯಬೇಡಿ. ಬೆಕ್ಕುಗಳ ಏಡ್ಸ್ ಅಂತ ಕರೆಯುವ ಎಫ್‌ಐವಿ ವೈರಸ್ ಹರಡುವುದೂ ಮುಖ್ಯವಾಗಿ ಇಂಥ ಕಡಿತದಿಂದಲೇ. ಅದು ಮನುಷ್ಯರಿಗೆ ಬರುವುದಿಲ್ಲ. ಆದರೆ ರೇಬೀಸ್ ಬರುತ್ತದೆ. ಜಗಳ ಬಿಡಿಸಲು ಹೋಗಿ ಬೆಕ್ಕಿನಿಂದ ಕಚ್ಚಿಸಿಕೊಂಡರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಕೇಳಬೇಕು.

ಏಳು ಮನೆ ಸುತ್ತಿಸುವ ತಾಯಿ

ಕೊತ್ತಿ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರೆ. ಏಳೇ ಅಂತ ಇಲ್ಲ, ಆದರೆ ಸುತ್ತಿಸುವುದು ನಿಜ. ಒಂದು ಜಾಗದಲ್ಲಿ ಜಾಸ್ತಿ ದಿನ ಇದ್ದರೆ ವಾಸನೆ ಹಿಡಿದು ನಾಯಿ ಬರುತ್ತದೆ, ಚಿಗಟ ತುಂಬುತ್ತದೆ, ಮನೆ ಮಕ್ಕಳು ಹೋಗಿ ಹೋಗಿ ಮುಟ್ಟುತ್ತಾರೆ. ಇನ್ನೊಂದು ಭಯ ಗಂಡು ಕೊತ್ತಿಯದು. ಹೊರಗಿನ ಗಂಡು ತನ್ನದಲ್ಲದ ಮರಿಗಳನ್ನು ಕೊಂದಿರುವುದು ದಾಖಲಾಗಿದೆ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ. ಹಾಗಂತ ಎಲ್ಲ ಗಂಡೂ ಹಾಗಲ್ಲ. ಮರಿ ಮೈಮೇಲೆ ಹತ್ತಿದರೂ ಸುಮ್ಮನೆ ಮಲಗಿರುವ ಗಂಡುಗಳೂ ಇವೆ.

ಒಂದೇ ಜಾಗದಲ್ಲಿರುವ ಹೆಣ್ಣುಗಳು ಸಾಮಾನ್ಯವಾಗಿ ಬಳಗದವೇ: ತಾಯಿ, ಮಗಳು, ಅಕ್ಕತಂಗಿ. ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕೊಡುತ್ತವೆ. ದೊಡ್ಡದಾದ ಗಂಡುಮರಿ ಊರು ಬಿಟ್ಟು ಹೋಗುತ್ತದೆ, ಹೆಣ್ಣುಮರಿ ತಾಯಿಯ ಹತ್ತಿರವೇ ಉಳಿಯುತ್ತದೆ. ಹೆಣ್ಣಿಗೆ ತನ್ನ ಜಾಗದ ಮೇಲೆ ಹಿಡಿತ ಜಾಸ್ತಿ ಅನ್ನಿಸುವುದಕ್ಕೆ ಇದೇ ಕಾರಣವಿರಬೇಕು ಅನ್ನುವುದು ನನ್ನ ಅಂದಾಜು.

ಇಲಿಯ ವಿಷಯಕ್ಕೆ ಬಂದರೆ, ಮರಿ ಇರುವ ತಾಯಿಯಷ್ಟು ಚುರುಕಾಗಿ ಬೇಟೆಯಾಡುವ ಬೆಕ್ಕು ಇನ್ನೊಂದಿಲ್ಲ. ತನ್ನ ಹೊಟ್ಟೆಯ ಜೊತೆ ಮರಿಗಳ ಹೊಟ್ಟೆಯೂ ತುಂಬಬೇಕು. ಮರಿಗೆ ತಿಂಗಳಾಗುತ್ತಿದ್ದಂತೆ ಮೊದಲು ಸತ್ತ ಇಲಿ, ಆಮೇಲೆ ಅರೆಜೀವದ ಇಲಿ ತಂದು ಮುಂದೆ ಹಾಕುತ್ತದೆ. ಪಾಠ ಶುರುವಾಗುವುದು ಹಾಗೆ. ಹುಳು ಮನೆಗೆ ಗಂಡೇ ಬೇಕು ಅನ್ನುವವರಿಗೆ ಇದನ್ನು ಹೇಳಿ ನೋಡಿದ್ದೇನೆ, ಒಪ್ಪುವವರು ಕಡಿಮೆ. ಆಪರೇಷನ್ ಆದರೆ ಇಲಿ ಹಿಡಿಯುವುದಿಲ್ಲ ಅನ್ನುವ ಹೆದರಿಕೆಯೂ ಇದೆ. ಬೇಟೆ ಲೈಂಗಿಕ ಹಾರ್ಮೋನಿನಿಂದ ಬರುವುದಲ್ಲ, ಅದು ಹೋಗುವುದೂ ಇಲ್ಲ. ದಪ್ಪಗಾಗಿ ಸೋಮಾರಿಯಾದರೆ ಆ ಮಾತು ಬೇರೆ. ಆಪರೇಷನ್ ಆದ ಬೆಕ್ಕಿಗೆ ಹಸಿವು ಜಾಸ್ತಿ, ದೇಹಕ್ಕೆ ಬೇಕಾದ ಶಕ್ತಿ ಕಡಿಮೆ. ಅಳತೆ ತಪ್ಪಿದರೆ ಊದುತ್ತದೆ.

ಊಟ ಅಂದಾಗ ಒಂದು ಮಾತು. ಹಾಲಿನ ಸೀಮೆಯವರಾದ ನಾವು ಬೆಕ್ಕಿಗೆ ಹಾಲು ಅನ್ನ ಹಾಕಿ ಧನ್ಯರಾಗುತ್ತೇವೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಮಾಂಸದಿಂದ ಮಾತ್ರ ಸಾಕಷ್ಟು ಸಿಗುವ ಟಾರಿನ್ ಅನ್ನುವ ಅಂಶ ಬೆಕ್ಕಿಗೆ ಬೇಕೇ ಬೇಕು. ಗಬ್ಬದ ಕೊತ್ತಿಗೆ ಅದು ಕಡಿಮೆಯಾದರೆ ಮರಿ ಹೊಟ್ಟೆಯಲ್ಲೇ ಸಾಯುತ್ತವೆ, ಇಲ್ಲವೇ ಬಡಕಲಾಗಿ ಹುಟ್ಟುತ್ತವೆ. ಮೊಸರನ್ನದಲ್ಲಿ ಬೆಳೆದ ಬೆಕ್ಕು ಗಟ್ಟಿಮುಟ್ಟಾಗಿದ್ದರೆ ಅದು ಹಿತ್ತಲಲ್ಲಿ ಹಿಡಿದ ಇಲಿಯ ಪುಣ್ಯ.

ಆಪರೇಷನ್ ಆದ ಮೇಲೆ

ಗಂಡಿಗೆ ಮಾಡುವುದು ಸಣ್ಣ ಕೆಲಸ, ಬೀಜ ತೆಗೆಯುತ್ತಾರೆ. ಹೆಣ್ಣಿಗೆ ಹೊಟ್ಟೆ ಕೊಯ್ದು ಅಂಡಾಶಯ, ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಅದಕ್ಕೆ ಆರೈಕೆ ಸ್ವಲ್ಪ ಜಾಸ್ತಿ ದಿನ ಬೇಕು. ಐದು ತಿಂಗಳು ತುಂಬುವುದರೊಳಗೆ ಮಾಡಿಸಿ ಅನ್ನುವುದು ಈಗಿನ ಪಶುವೈದ್ಯರ ಸಲಹೆ, ಅಂದರೆ ಬಹುಪಾಲು ಮರಿಗಳು ಬೆದೆಗೆ ಬರುವ ಮುಂಚೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಹಸು, ಎಮ್ಮೆ, ಕುರಿಯದೇ ಸಾಲು. ಬೆಕ್ಕಿಗೆ ಮಾಡುತ್ತಾರೋ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಹೆದ್ದಾರಿ ಹಿಡಿದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಕ್ಕನ್ನು ಒಯ್ಯುವ ಬುಟ್ಟಿ ಇಲ್ಲದವರು ಎರಡು ಟೊಮೇಟೊ ಕ್ರೇಟುಗಳನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗ ಕಟ್ಟಿದರೆ ಆಯಿತು. ಗಾಳಿಯಾಡುತ್ತದೆ, ಕೊತ್ತಿ ಹಾರುವುದಿಲ್ಲ. ಕೈಚೀಲದಲ್ಲಿ ತುರುಕಿ ಬಸ್ ಹತ್ತಿದವರ ಕೈ ನೋಡಬೇಕು!

"ಒಂದು ಸೂಲು ಆಗಲಿ, ಆಮೇಲೆ ಮಾಡಿಸೋಣ, ತಾಯ್ತನ ನೋಡದೆ ಹೋದರೆ ಪಾಪ" ಅನ್ನುವ ಮಾತು ಬಹಳ ಕೇಳುತ್ತೇವೆ. ಮನುಷ್ಯರ ಆಸೆಯನ್ನು ಬೆಕ್ಕಿನ ತಲೆಗೆ ಕಟ್ಟುವುದು ಇದು. ಒಂದು ಸೂಲಿನಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಕಾದಷ್ಟೂ ನಷ್ಟವೇ. ಬೆಕ್ಕಿನ ಮೊಲೆಯಲ್ಲಿ ಬರುವ ಗಂಟುಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಕ್ಯಾನ್ಸರ್. ಆರು ತಿಂಗಳೊಳಗೆ ಆಪರೇಷನ್ ಆದ ಹೆಣ್ಣಿನಲ್ಲಿ ಆ ಅಪಾಯ ಸುಮಾರು ಶೇಕಡಾ 90ರಷ್ಟು ಕಡಿಮೆಯಾಗುತ್ತದೆ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯವೂ ತಪ್ಪುತ್ತದೆ.

ಗಂಡಿನಲ್ಲಿ ಏನಾಗುತ್ತದೆ? ಇದರ ಬಗ್ಗೆ 1973ರಲ್ಲೇ ಅಮೆರಿಕದಲ್ಲಿ ಅಧ್ಯಯನವಾಗಿದೆ. ಊರು ಸುತ್ತುವುದು, ಜಗಳ, ಉಚ್ಚೆ ಹೊಡೆಯುವುದು ಮೂರೂ ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ಕಡಿಮೆಯಾದವು ಅಥವಾ ನಿಂತವು. ಕೆಲವಕ್ಕೆ ಬೇಗ, ಕೆಲವಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಹೆಣ್ಣಿನ ಬೆದೆ, ಕೂಗು ಪೂರ್ತಿ ನಿಲ್ಲುತ್ತದೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ವರ್ತನೆ ನೋಡಿ ಗಂಡು ಯಾವುದು ಹೆಣ್ಣು ಯಾವುದು ಹೇಳಿ ಅಂದರೆ ಹಳೇ ಬೆಕ್ಕು ಸಾಕುವವರೂ ತಡಕಾಡುತ್ತಾರೆ.

ಉಳಿಯುವ ವ್ಯತ್ಯಾಸಗಳಲ್ಲಿ ಒಂದು ತಮಾಷೆಯದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 44 ಸಾಕು ಬೆಕ್ಕುಗಳನ್ನು ಅವುಗಳ ಮನೆಯಲ್ಲೇ ಗಮನಿಸಿದರು. ಆಹಾರ ಎಟುಕಿಸಿಕೊಳ್ಳುವಾಗ, ಮೆಟ್ಟಿಲಿಳಿಯುವಾಗ ಯಾವ ಪಾದ ಮುಂದೆ ಅಂತ. ಹೆಣ್ಣುಗಳು ಬಲಗಾಲಿನ ಕಡೆ, ಗಂಡುಗಳು ಎಡಗಾಲಿನ ಕಡೆ ವಾಲಿದವು. ಎಲ್ಲ ಬೆಕ್ಕೂ ಆಪರೇಷನ್ ಆದವೇ. ನಿಮ್ಮ ಮನೆಯಲ್ಲೂ ಒಂದು ಲೋಟದ ತಳಕ್ಕೆ ಒಣಮೀನಿನ ಚೂರು ಹಾಕಿ ಪರೀಕ್ಷಿಸಬಹುದು.

ಇನ್ನೊಂದು ತಮಾಷೆಯದಲ್ಲ. ಗಂಡಿನ ಮೂತ್ರನಾಳ ಉದ್ದ ಮತ್ತು ಬಹಳ ಸಣ್ಣ. ಹರಳಿನ ಪುಡಿಯೋ ಲೋಳೆಯ ಬಿರಡೆಯೋ ಸಿಕ್ಕಿಕೊಂಡರೆ ಮೂತ್ರ ಕಟ್ಟಿಹೋಗುತ್ತದೆ. ಹೆಣ್ಣಿನಲ್ಲಿ ಹೀಗೆ ಪೂರ್ತಿ ಕಟ್ಟುವುದು ಅಪರೂಪ. ಬೆಕ್ಕು ಮತ್ತೆ ಮತ್ತೆ ಮಣ್ಣಿಗೆ ಹೋಗಿ ಕುಕ್ಕರಿಸುತ್ತದೆ, ತಿಣುಕುತ್ತದೆ, ಹನಿಯೂ ಬರುವುದಿಲ್ಲ. ಆ ಜಾಗವನ್ನೇ ನೆಕ್ಕುತ್ತಿರುತ್ತದೆ, ಮುಟ್ಟಿದರೆ ಅರಚುತ್ತದೆ. ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸಿ ಒಂದು ರಾತ್ರಿ ಕಳೆಯುವವರಿದ್ದಾರೆ. ಆ ರಾತ್ರಿಯೇ ದುಬಾರಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು, ಎರಡು ಮೂರು ದಿನದಲ್ಲಿ ಪ್ರಾಣ ಹೋಗಬಹುದು. ಗಂಡು ಬೆಕ್ಕಿಗೆ ಮೂತ್ರ ಬರುತ್ತಿಲ್ಲ ಅನ್ನಿಸಿದರೆ ಹಗಲೋ ರಾತ್ರಿಯೋ ನೋಡದೆ ಹೊರಡಬೇಕು. ಒಣ ಆಹಾರ ಮಾತ್ರ ತಿನ್ನುವ, ಮನೆಯಲ್ಲೇ ಕೂತು ದಪ್ಪಗಾದ ಗಂಡುಗಳಲ್ಲಿ ಇದು ಹೆಚ್ಚು. ಮೀನೋ ಕೋಳಿಯೋ ಬೇಯಿಸಿದ ಉಪ್ಪಿಲ್ಲದ ನೀರನ್ನು ಊಟಕ್ಕೆ ಸೇರಿಸಿ. ಕುಡಿಯುವ ನೀರನ್ನು ಎರಡು ಮೂರು ಕಡೆ ಇಡಿ.

ಗಂಡು ಮುದ್ದು ಮಾಡಿಸಿಕೊಳ್ಳುತ್ತದೆ, ಹೆಣ್ಣು ಬಿಂಕದ್ದು ಅನ್ನುವ ಮಾತು ಎಷ್ಟು ನಿಜ? ನನಗೆ ಅದರಲ್ಲಿ ನಂಬಿಕೆ ಕಡಿಮೆ. ಬೆಕ್ಕು ಜನಕ್ಕೆ ಹೊಂದಿಕೊಳ್ಳುತ್ತದೋ ಇಲ್ಲವೋ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡನೇ ವಾರದಿಂದ ಏಳನೇ ವಾರದವರೆಗಿನ ಕಾಲ. ಆಗ ಮನುಷ್ಯರ ಕೈ, ಮಾತು, ವಾಸನೆ ಪರಿಚಯವಾದರೆ ಜೀವನವಿಡೀ ಹೆದರಿಕೆ ಕಡಿಮೆ. ಅಟ್ಟದ ಮೇಲೆ ಯಾರ ಕಣ್ಣಿಗೂ ಬೀಳದೆ ಬೆಳೆದ ಮರಿ ಮೂರು ತಿಂಗಳಿಗೆ ಕೆಳಗೆ ಬಂದರೆ, ಗಂಡಾಗಲಿ ಹೆಣ್ಣಾಗಲಿ, ಕೈಗೆ ಸಿಗುವುದಿಲ್ಲ. ಇನ್ನೊಂದು ವಿಚಿತ್ರ ಇದೆ. ಧೈರ್ಯವಂತ, ಸಾಧು ಗಂಡಿಗೆ ಹುಟ್ಟಿದ ಮರಿಗಳೂ ಜನರ ಹತ್ತಿರ ಸಲೀಸಾಗಿ ಬರುತ್ತವೆ ಅಂತ 1980, 90ರ ದಶಕದ ಅಧ್ಯಯನಗಳು ತೋರಿಸಿವೆ. ಆ ಮರಿಗಳು ಅಪ್ಪನ ಮುಖವನ್ನೇ ನೋಡಿರಲಿಲ್ಲ. ಅಂದರೆ ಮರಿ ಆರಿಸುವಾಗ ಅದರ ಲಿಂಗಕ್ಕಿಂತ ಬೀದಿಯ ಗಂಡುಗಳ ಸ್ವಭಾವ ಗೊತ್ತಿದ್ದರೆ ಹೆಚ್ಚು ಉಪಯೋಗ. ಅದನ್ನು ಯಾರೂ ಕೇಳುವುದಿಲ್ಲ.

ಎರಡು ಬೆಕ್ಕು ಸಾಕಬೇಕು ಅನ್ನುವವರು ಒಂದೇ ಸೂಲಿನ ಮರಿಗಳನ್ನು ತರುವುದು ಒಳ್ಳೆಯದು, ಯಾವ ಜೋಡಿಯಾದರೂ ಸರಿ. ದೊಡ್ಡ ಬೆಕ್ಕಿರುವ ಮನೆಗೆ ಹೊಸದನ್ನು ತಂದರೆ ಮೊದಲ ವಾರ ಬೇರೆ ಕೋಣೆಯಲ್ಲಿಡಿ. ಒಂದರ ಹಾಸಿಗೆ ಬಟ್ಟೆಯನ್ನು ಇನ್ನೊಂದಕ್ಕೆ ಮೂಸಲು ಕೊಡಿ, ಆಮೇಲೆ ಮುಖ ತೋರಿಸಿ. ಬೆಕ್ಕು ಎರಡಿದ್ದರೆ ಮಣ್ಣಿನ ಟ್ರೇ ಮೂರಿರಲಿ. ಎರಡಕ್ಕೂ ಆಪರೇಷನ್ ಆಗಿರಲಿ. ಗಂಡಿಗೆ ಮಾತ್ರ ಮಾಡಿಸಿ ಹೆಣ್ಣಿನದು ಬಾಕಿ ಇದ್ದರೆ ಅವತ್ತೇ ಜೊತೆಗೆ ಬಿಡಬೇಡಿ. ಬೀಜ ತೆಗೆದ ಮೇಲೂ ನಾಳದಲ್ಲಿ ಉಳಿದ ವೀರ್ಯದಿಂದ ಗಬ್ಬ ನಿಲ್ಲಬಹುದು. ಆರು ವಾರ ಬೇರೆ ಬೇರೆ ಇಟ್ಟರೆ ನಿಶ್ಚಿಂತೆ.